ಹೊಸ್ತಿನ ದಿನ ಕೆಂಪಾದ ದೀಪ

ಬೆಳಿಗ್ಗೆ ಎದ್ದ ಕೂಡಲೇ ನಾನು ಮೊದಲು ನೋಡುವುದು ದೇವರ ದೀಪವನ್ನಲ್ಲ, ಚಾವಡಿಯ ಗೋಡೆಗೆ ಹೊಡೆದ ಹಲಗೆಯ ಮೇಲೆ ಕೂತಿರುವ ಇಂಟರ್ನೆಟ್ಟಿನ ಬಿಳಿ ಡಬ್ಬಿಯ ದೀಪವನ್ನು. ಹಸಿರು ಉರಿಯುತ್ತಿದ್ದರೆ ಹಲ್ಲುಜ್ಜಲು ಹೋಗುತ್ತೇನೆ. ಕೆಂಪು ಕಂಡರೆ ನಿಂತಲ್ಲೇ ಬೆವರುತ್ತೇನೆ. ಅಮ್ಮನಿಗೆ ನನ್ನ ಈ ಚಾಳಿ ಗೊತ್ತು. ಅಡುಗೆಮನೆಯಿಂದಲೇ, "ನಿನ್ ದೇವ್ರ್ ಕಣ್ ಬಿಟ್ನಾ?" ಎಂದು ಕೇಳುತ್ತಾಳೆ. ಕೇಳಿದ ದಿನವೆಲ್ಲ ನನಗೆ ಸಿಟ್ಟು ಬರುತ್ತದೆ. ಆದರೆ ಕೆಂಪು ಕಂಡ ದಿನ ಅವಳೂ ಕೇಳುವುದಿಲ್ಲ.

ಹುಟ್ಟಿನಿಂದ ನಾನು ಹೆದರುಪುಕ್ಕಲಿ. ಬೈಂದೂರಿನ ಬಸ್ಸು ಹತ್ತಿ ಕೂತ ಮೇಲೂ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಎರಡು ಸ್ಟಾಪು ದಾಟುವವರೆಗೆ ಒದ್ದಾಡುವವಳು. ಯಾರಾದರೂ ಫೋನ್ ಎತ್ತಲು ತಡಮಾಡಿದರೆ ಅವರ ಅಂತ್ಯಕ್ರಿಯೆಯವರೆಗೂ ಯೋಚಿಸಿ ಮುಗಿಸಿರುತ್ತೇನೆ. ಅಂಥವಳಿಗೆ ಊರಿಗೆಲ್ಲ ಇಂಟರ್ನೆಟ್ಟಿನ ಬಗ್ಗೆ ಧೈರ್ಯ ಹೇಳುವ ಕೆಲಸ ಗಂಟುಬಿತ್ತು.

ನಮ್ಮ ಮನೆ ಇರುವುದು ಬಿಜೂರಿನಿಂದ ಒಳಗೆ, ಗದ್ದೆಬಯಲು ಮುಗಿದು ತೆಂಗಿನ ತೋಟ ಶುರುವಾಗುವಲ್ಲಿ. ಗಂಡ ಪುಣೆಯಲ್ಲಿ ಹೋಟೆಲು ನೋಡಿಕೊಳ್ಳುತ್ತಾರೆ. ನಾನು ತಾಯಿಮನೆಯಲ್ಲೇ ಇದ್ದೇನೆ. ನಮ್ಮ ಕಡೆ ಹೆಣ್ಣುಮಕ್ಕಳು ಹೀಗೆ ಉಳಿಯುವುದು ಹೊಸತೇನಲ್ಲ. ಪಂಚಾಯತ್ ಲೈಬ್ರರಿ ನೋಡಿಕೊಳ್ಳುವುದು ನನ್ನ ಕೆಲಸ. ಹೊಸ ಇಂಟರ್ನೆಟ್ ಲೈನು ಮೊದಲು ಪಂಚಾಯತ್ತಿಗೆ ಬಂತು, ಆಮೇಲೆ ಶಾಲೆಗೆ ಬಂತು, ಕೊನೆಗೆ ಬೇಕಾದವರ ಮನೆಗೂ ಕೊಡುತ್ತೇವೆ ಎಂದರು. ಕೊಡುವುದು ಒಂದು ಕೆಲಸ, ಜನ ಅದನ್ನು ಬಳಸುವಂತೆ ಮಾಡುವುದು ಇನ್ನೊಂದು. ಆ ಎರಡನೆಯದು ನನ್ನ ಹೆಗಲಿಗೆ ಬಿತ್ತು.

ಸಂಘದ ಹೆಂಗಸರ ಸಭೆ ಎಲ್ಲಿ ನಡೆದರೂ ನಾನು ಫೋನ್ ಹಿಡಿದುಕೊಂಡು ಹೋಗುತ್ತಿದ್ದೆ. ಕರೆಂಟು ಬಿಲ್ಲು ಮನೆಯಿಂದಲೇ ಕಟ್ಟಬಹುದು, ಮಕ್ಕಳ ಪಾಠ ನೋಡಬಹುದು, ಪಹಣಿ ನೋಡಬಹುದು ಎಂದು ಒಂದೊಂದಾಗಿ ತೋರಿಸುತ್ತಿದ್ದೆ. ಒಬ್ಬ ಅಜ್ಜಿ ಎಲೆಯಡಿಕೆ ಮೆಲ್ಲುತ್ತಾ, "ಪಹಣಿ ಕಂಡ್ ಎಂತ ಮಾಡೂದ್ ಹೆಣೆ? ಗದ್ದಿ ಅಲ್ಲೇ ಇತ್ತಲ್ದಾ?" ಎಂದು ಕೇಳಿದರು. ಇಡೀ ಸಭೆ ನಕ್ಕಿತು. ನಾನೂ ನಕ್ಕೆ. ಬೇಲಿಯಾಚೆ ಮನೆಯ ಅಕ್ಕನಂತೂ ಮುಖಕ್ಕೇ ಹೇಳಿದಳು. "ಮೊದ್ಲ್ ನಿಮ್ಮನಿಯಗೆ ಒಂದ್ ವರ್ಷ ಸಮ ನಡೀಲಿ. ಆಮೇಲ್ ನಂಗೂ ಹಾಕ್ಸ್."

ಹಾಗಾಗಿ ಮೊದಲ ಲೈನು ನಮ್ಮ ಮನೆಗೇ ಬಂತು. ಗೋಡೆಗೆ ತೂತು ಕೊರೆಯುವಾಗ ಅಮ್ಮ ತನ್ನ ಹಲ್ಲು ಕೀಳಿಸಿಕೊಳ್ಳುವವಳ ಹಾಗೆ ಮುಖ ಹಿಂಡಿಕೊಂಡು ನಿಂತಿದ್ದಳು. ಒಳಗೆ ಬಂದ ತೆಳ್ಳಗಿನ ಹಳದಿ ವೈರನ್ನು ಕಂಡು ಅವಳಿಗೆ ನಂಬಿಕೆಯೇ ಬರಲಿಲ್ಲ.

"ಇಷ್ಟ್ ಸಪೂರದ್ರೊಳ್ಗೆ ಎಂತ ಹೋತ್ತ್?"

"ಬೆಳ್ಕ್ ಹೋತ್ತಮ್ಮ."

"ಬೆಳ್ಕಾ? ಅದಕ್ಕ್ ಎಣ್ಣಿ ಹಾಕೂದ್ ಯಾರ್?"

ಲೈನಿನವರು ಕಿರಿಮಂಜೇಶ್ವರದ ಕಡೆಯವರು, ತಾಳ್ಮೆಯ ಮನುಷ್ಯ. ನಗದೆ ಹೇಳಿದರು. "ಇದ್ ಕರೆಂಟ್ ವೈರ್ ಅಲ್ಲ ಅಮ್ಮ, ಇದ್ರೊಳ್ಗೆ ಇಪ್ಪುದ್ ಗಾಜ್. ಮಡ್ಚುಕಾಗ. ಮಡ್ಚಿರೆ ಬೆಳ್ಕ್ ಅಲ್ಲಿಗೇ ನಿಂತ್ತ್." ವೈರು ಮಡಚಬಾರದೆಂಬ ಆ ಮಾತನ್ನು ನಾನು ದೊಡ್ಡ ಅಕ್ಷರದಲ್ಲಿ ಬರೆದು ಲೈಬ್ರರಿಯ ಗೋಡೆಗೆ ಅಂಟಿಸಿದೆ. ಮನೆಯಲ್ಲಿ ಅಮ್ಮನಿಗೆ ಬೇರೆಯೇ ಕಾನೂನು ಮಾಡಿದೆ: ಡಬ್ಬಿಯನ್ನು ಮುಟ್ಟಬಾರದು, ಒರೆಸಬಾರದು, ಅದರ ಮೇಲೆ ಬಟ್ಟೆ ಹೊದೆಸಬಾರದು. ಅಮ್ಮ ಅಂದಿನಿಂದ ಡಬ್ಬಿಯ ಕಡೆ ಮುಖ ಕೂಡ ಮಾಡುತ್ತಿರಲಿಲ್ಲ. ದೂಳು ಕೂತರೆ ದೂರದಿಂದ ಬಾಯಲ್ಲಿ ಊದುತ್ತಿದ್ದಳು.

ಆಮೇಲಾಮೇಲೆ ನಾನು ಈ ಲೈನಿಗಾಗಿ ಇಷ್ಟು ಒದ್ದಾಡಲು ಕಾರಣ ಪಹಣಿಯೂ ಅಲ್ಲ, ಬಿಲ್ಲೂ ಅಲ್ಲ. ಅಪ್ಪಯ್ಯ.

ಅಪ್ಪಯ್ಯನಿಗೆ ಇದ್ದ ದನಿಯನ್ನು ಹೇಗೆ ಹೇಳಲಿ. ಇಪ್ಪತ್ತು ವರ್ಷ ಮುಂಬೈಯ ಹೋಟೆಲಿನಲ್ಲಿ ಒಳಗಿನ ಭಟ್ಟಿಯವರೆಗೆ ಆರ್ಡರು ಕೂಗಿ ಪಳಗಿದ ದನಿ ಅದು. ಊರಿಗೆ ವಾಪಸ್ ಬಂದು ಬೇಸಾಯ ಹಿಡಿದ ಮೇಲೂ ಅದು ತಗ್ಗಲಿಲ್ಲ. ಗದ್ದೆಯ ಅಂಚಿನಲ್ಲಿ ನಿಂತು "ಹ್ವಾಯ್!" ಎಂದರೆ ಹೆದ್ದಾರಿಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ಗುಟ್ಟು ಹೇಳುವಾಗಲೂ ಅವರಿಗೆ ಕೂಗಿಯೇ ಗೊತ್ತು. ನನ್ನನ್ನು ನೋಡಲು ಗಂಡಿನವರು ಬಂದಾಗ ಅಪ್ಪಯ್ಯ ಅಡುಗೆಮನೆಗೆ ಬಂದು, "ಹುಡ್ಗ ಅಡ್ಡಿಲ್ಲೆ, ಕಿವಿ ಸ್ವಲ್ಪ ದೊಡ್ಡ್" ಎಂದು ಪಿಸುಗುಟ್ಟಿದ್ದು ಚಾವಡಿಯಲ್ಲಿ ಕೂತಿದ್ದ ಆ ಕಿವಿಗಳಿಗೆ ಸರಿಯಾಗಿ ಕೇಳಿಸಿತ್ತು. ನನ್ನ ಗಂಡ ಇವತ್ತಿಗೂ ಅದನ್ನು ಹೇಳಿ ಕಾಡುತ್ತಾರೆ.

ಲೈನು ಬಂದ ಮೇಲಿನ ಬೇಸಿಗೆಯ ಶುರುವಿನಲ್ಲಿ ಒಂದು ಬೆಳಿಗ್ಗೆ ಅಪ್ಪಯ್ಯ ದನದ ಹಟ್ಟಿಯ ಎದುರು ಕುಸಿದರು. ಬಲಗೈ, ಬಲಗಾಲು ಮತ್ತು ಮಾತು ಮೂರೂ ಒಟ್ಟಿಗೆ ಹೋದವು. ಬುದ್ಧಿಗೆ ಏನೂ ಆಗಿರಲಿಲ್ಲ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ತಾವು ಹೇಳಬೇಕಾದದ್ದೂ ಗೊತ್ತಿತ್ತು, ಅದು ಬಾಯಿಗೆ ಬರುತ್ತಿರಲಿಲ್ಲ. "ಆ" ಎನ್ನುತ್ತಿದ್ದರು. ನೀರಿಗೂ "ಆ", ಸಿಟ್ಟಿಗೂ "ಆ". ಕಾಲು ನಿಧಾನವಾಗಿ ಬಂದೀತು, ಮಾತಿಗೆ ಮಾತ್ರ ಈ ಮೊದಲ ವರ್ಷವೇ ಮುಖ್ಯ, ಬಿಡದೆ ಅಭ್ಯಾಸ ಮಾಡಿಸಿ ಎಂದರು ಡಾಕ್ಟರು. ಆ ದಿನದಿಂದ ನನ್ನ ತಲೆಯೊಳಗೆ ಒಂದು ಕ್ಯಾಲೆಂಡರು ನೇತುಬಿದ್ದಿತು.

ಮಾತು ಕಲಿಸುವವರು ಇದ್ದುದು ಮಂಗಳೂರಿನಲ್ಲಿ. ನಾವು ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದೆವು. ಮೂರು ಸಲ ಕಾರಿನಲ್ಲಿ ಕರೆದುಕೊಂಡು ಹೋದೆವು. ಕುಂದಾಪುರ ದಾಟುವಷ್ಟರಲ್ಲಿ ಅಪ್ಪಯ್ಯ ವಾಂತಿ ಶುರುಮಾಡುತ್ತಿದ್ದರು, ಬ್ರಹ್ಮಾವರದಲ್ಲಿ ಕಾರು ನಿಲ್ಲಿಸಿ ಬಟ್ಟೆ ಬದಲಿಸಬೇಕಾಗುತ್ತಿತ್ತು, ಮಂಗಳೂರು ಮುಟ್ಟುವಾಗ ಬಾಯಿ ತೆರೆಯುವ ಶಕ್ತಿಯೂ ಉಳಿಯುತ್ತಿರಲಿಲ್ಲ. ಮೂರನೆಯ ಸಲ ಟೀಚರೇ ಕೇಳಿದರು. "ಮನೆಯಲ್ಲಿ ಒಳ್ಳೆಯ ನೆಟ್ ಉಂಟಾ? ಇದ್ದರೆ ವಾರಕ್ಕೆ ಎರಡು ಸಲ ವಿಡಿಯೋದಲ್ಲೇ ಮಾಡಿಸಬಹುದು. ಆದರೆ ನನಗೆ ಅವರ ತುಟಿ ಸ್ಪಷ್ಟ ಕಾಣಬೇಕು, ಅವರಿಗೆ ನನ್ನದು ಕಾಣಬೇಕು."

"ಉಂಟು" ಎಂದು ಎದೆಯುಬ್ಬಿಸಿ ಹೇಳಿದೆ. ಮೊಬೈಲನ್ನು ನಂಬಿದ್ದರೆ ಹಾಗೆ ಹೇಳಲು ಆಗುತ್ತಿರಲಿಲ್ಲ. ನಮ್ಮ ಮನೆ ತಗ್ಗಿನಲ್ಲಿದೆ. ಒಳಗೆ ಸಿಗ್ನಲ್ ಬರುವುದಿಲ್ಲ, ಗದ್ದೆಯ ಅಂಚಿಗೆ ಹೋಗಿ ನಿಂತರೆ ಮಾತು ಕೇಳಿಸುತ್ತದೆ, ಮುಖ ಕಾಣಿಸುವುದಿಲ್ಲ.

ಮಂಗಳವಾರ, ಶುಕ್ರವಾರ ಹತ್ತು ಗಂಟೆಗೆ ಅಪ್ಪಯ್ಯನಿಗೆಂದು ಎರವಲು ತಂದ ಗಾಲಿಕುರ್ಚಿಯನ್ನು ಡಬ್ಬಿ ಇರುವ ಗೋಡೆಯ ಎದುರು ತಂದು ನಿಲ್ಲಿಸುತ್ತಿದ್ದೆವು. ಟೀಚರ್ ತುಟಿ ಮುಚ್ಚಿ "ಮ್" ಎನ್ನುತ್ತಿದ್ದರು, ತುಟಿ ಸಿಡಿಸಿ "ಬ" ಎನ್ನುತ್ತಿದ್ದರು. ಅಪ್ಪಯ್ಯ ಬೆವರು ಸುರಿಸಿಕೊಂಡು ಪ್ರಯತ್ನಿಸುತ್ತಿದ್ದರು. ಅಮ್ಮ ಕ್ಯಾಮೆರಾಕ್ಕೆ ಕಾಣದಂತೆ ಕಂಬದ ಮರೆಯಲ್ಲಿ ಕೂತು, ತಾನೂ ತುಟಿ ಮುಚ್ಚಿ ತೆರೆದು ಮಾಡುತ್ತಿದ್ದಳು. ನಾನು ಕಂಡದ್ದನ್ನು ಅವಳಿಗೆ ಹೇಳಲಿಲ್ಲ. ಹೇಳಿದರೆ ನಿಲ್ಲಿಸಿಬಿಡುತ್ತಿದ್ದಳು.

ಎರಡು ಸಲ ಪಾಠ ತಪ್ಪಿತು. ಒಮ್ಮೆ ಸಿಡಿಲು ಬಡಿದು ಕರೆಂಟು ಹೋಗಿತ್ತು. ಇನ್ನೊಮ್ಮೆ ಹೆದ್ದಾರಿಯ ಬದಿಯಲ್ಲಿ ಯಾರೋ ಅಗೆದು ಕೇಬಲು ತುಂಡಾಗಿತ್ತು. ಎರಡನೆಯ ಸಲ ಟೀಚರ್ ಬೇಸರದಿಂದಲೇ ಫೋನ್ ಮಾಡಿದರು. "ನನ್ನ ಕೈಯಲ್ಲಿಲ್ಲ ಇದು. ಮೂರು ಸಲ ತಪ್ಪಿದರೆ ಹೆಸರು ಪಟ್ಟಿಯ ಕೊನೆಗೆ ಹೋಗ್ತದೆ. ಕಾಯುವವರು ತುಂಬ ಜನ ಇದ್ದಾರೆ. ಮತ್ತೆ ನಿಮ್ಮ ಸರದಿ ಬರುವಾಗ ಆರು ತಿಂಗಳಾದರೂ ಆಗಬಹುದು."

ಆರು ತಿಂಗಳು ಎಂದರೆ ಡಾಕ್ಟರು ಹೇಳಿದ ಆ ಮೊದಲ ವರ್ಷವೇ ಮುಗಿದುಹೋಗುತ್ತದೆ. ಅಂದಿನಿಂದ ಶುರುವಾದದ್ದು ನನ್ನ ದೀಪ ನೋಡುವ ಚಾಳಿ. ಅಡುಗೆ ಮಾಡುವಾಗ ಒಂದು ಸಲ, ಸ್ನಾನಕ್ಕೆ ಹೋಗುವ ಮೊದಲು ಒಂದು ಸಲ, ಬಂದ ಮೇಲೆ ಒಂದು ಸಲ. ಅಪ್ಪಯ್ಯ ಕುರ್ಚಿಯಲ್ಲಿ ಕೂತು ನಾನು ನೋಡುವುದನ್ನು ನೋಡುತ್ತಿದ್ದರು.

ಗಣೇಶನ ಹಬ್ಬ ಕಳೆದ ಮೇಲೆ ಟೀಚರ್ ಒಂದು ಪ್ರಶ್ನೆ ಕೇಳಿದರು. ಮನೆಯಲ್ಲಿ ಇವರು ಹೇಳಲೇಬೇಕಾದ ಒಂದು ಮಾತು ಯಾವುದು? ಬರೇ ಅಕ್ಷರ ಕಲಿತದ್ದು ಸಾಕು, ಇನ್ನು ಒಂದು ಪೂರ್ತಿ ಮಾತನ್ನು ಹಿಡಿಯೋಣ. ನಾನು ಯೋಚಿಸುವ ಮೊದಲೇ ಕಂಬದ ಮರೆಯಿಂದ ಅಮ್ಮ ಹೇಳಿದಳು. "ಉಣ್ಣಿ."

ಟೀಚರಿಗೆ ಅರ್ಥವಾಗಲಿಲ್ಲ, ನಾನು ವಿವರಿಸಬೇಕಾಯಿತು. ನಮ್ಮಲ್ಲಿ ಹೊಸ ಭತ್ತ ತೆನೆಯಾದಾಗ ಹೊಸ್ತ್ ಎಂಬ ಹಬ್ಬ ಮಾಡುತ್ತೇವೆ. ಗದ್ದೆಯಿಂದ ಭತ್ತದ ಕದಿರು ತಂದು ಮನೆ ತುಂಬಿಸಿಕೊಳ್ಳುತ್ತೇವೆ, ಕಟ್ಟಿದ್ದು ಮನೆಯಲ್ಲೇ ಉಳಿಯಲಿ ಎಂದು ಮನೆಯ ಪ್ರತಿಯೊಂದು ವಸ್ತುವಿಗೂ ಒಂದೊಂದು ಕದಿರು ಕಟ್ಟುತ್ತೇವೆ. ಮಧ್ಯಾಹ್ನ ಹೊಸ ಅಕ್ಕಿಯ ಊಟ. ಊಟಕ್ಕೆ ಕೂತವರು ಒಬ್ಬೊಬ್ಬರಾಗಿ ಮನೆಯ ಹಿರಿಯರ ಕಡೆ ನೋಡಿ "ಹೊಸ್ತ್ ಉಣ್ತೆ" ಎಂದು ಅಪ್ಪಣೆ ಕೇಳಬೇಕು. ಹಿರಿಯರು "ಉಣ್ಣಿ" ಎಂದ ಮೇಲೆಯೇ ಕೈ ಬಾಯಿಗೆ. ನನಗೆ ಬುದ್ಧಿ ತಿಳಿದಾಗಿನಿಂದ ಆ ಅಪ್ಪಣೆ ಕೊಟ್ಟದ್ದು ಅಪ್ಪಯ್ಯ. ಅವರ "ಉಣ್ಣಿ" ಬೇಲಿಯಾಚೆ ಮನೆಗೂ ಕೇಳಿಸುತ್ತಿತ್ತು. ಅವರ ಅಪ್ಪಣೆಯಲ್ಲೇ ತಾವೂ ಉಂಡುಬಿಡುತ್ತೇವೆ ಎಂದು ಅಕ್ಕ ತಮಾಷೆ ಮಾಡುತ್ತಿದ್ದಳು.

ನಾಲ್ಕು ಪಾಠ "ಉಣ್ಣಿ"ಯ ಮೇಲೆಯೇ ನಡೆಯಿತು. "ಉ" ಬಂತು. ತುಟಿ ದುಂಡಗೆ ಮಾಡಿ, ಕಣ್ಣು ಮುಚ್ಚಿ, "ಉ" ಎಂದು ಎಳೆದು ಅಪ್ಪಯ್ಯ ಅಲ್ಲಿಗೇ ನಿಲ್ಲುತ್ತಿದ್ದರು. ನಾಲಗೆಯನ್ನು ಮೇಲೆತ್ತಿ ಮಡಚುವುದು ಆಗುತ್ತಿರಲಿಲ್ಲ. ಆ ವರ್ಷ ನಮ್ಮ ಮನೆಯ ಹೊಸ್ತ್ ಬಿದ್ದದ್ದು ಶುಕ್ರವಾರ. ಬೆಳಿಗ್ಗೆ ಹತ್ತಕ್ಕೆ ಪಾಠ, ಮಧ್ಯಾಹ್ನ ಊಟ. "ಒಳ್ಳೆಯದೇ ಆಯ್ತು, ಅವತ್ತು ಕೊನೆಯ ಸಲ ಹೇಳಿಸಿ ಕಳಿಸ್ತೇನೆ" ಎಂದರು ಟೀಚರ್.

ಹೊಸ್ತಿನ ದಿನ ಎದ್ದವಳೇ ದೀಪ ನೋಡಿದೆ. ಹಸಿರು. ಅಮ್ಮನ ತಮ್ಮನಾದ ಮಾವ ಮತ್ತು ಅವರ ಹೆಂಡತಿ ಅತ್ತೆ ಹಿಂದಿನ ಸಂಜೆಯೇ ಬಂದಿದ್ದರು. ಸೂರ್ಯ ಏಳುವ ಮೊದಲೇ ಮಾವ ಗದ್ದೆಯಿಂದ ಕದಿರು ಕೊಯ್ದು ತಲೆಯ ಮೇಲೆ ಹೊತ್ತು ತಂದರು, ನಾನು ಜಾಗಟೆ ಹೊಡೆದೆ. ಪ್ರತಿ ವರ್ಷ ಹೊತ್ತು ತರುತ್ತಿದ್ದ ಅಪ್ಪಯ್ಯ ಈ ಸಲ ಕುರ್ಚಿಯಲ್ಲಿ ಕೂತು ನೋಡಿದರು. ತುಳಸಿಕಟ್ಟೆಯ ಎದುರು ಪೂಜೆ ಮುಗಿಸಿ, ಮಾವಿನ ಎಲೆ, ಹಲಸಿನ ಎಲೆ, ಬಿದಿರಿನ ಎಲೆಗಳ ಜೊತೆ ಕದಿರು ಇಟ್ಟು ಬಾಳೆನಾರಿನಲ್ಲಿ ಸುತ್ತಿ ಚಿಕ್ಕ ಚಿಕ್ಕ ಕಟ್ಟು ಮಾಡಿದೆವು. ಅವನ್ನು ಕಟ್ಟುತ್ತಾ ಹೋಗುವುದು ಮನೆಯ ಹೆಂಗಸಿನ ಕೆಲಸ. ಅಮ್ಮ ಹರಿವಾಣ ಹಿಡಿದು ಹೊರಟಳು. ಬಾವಿಯ ಕಂಬ, ಅಕ್ಕಿಯ ಡಬ್ಬ, ನೀರೆತ್ತುವ ಪಂಪು, ಮಾವನ ಬೈಕು, ದನದ ಹಟ್ಟಿ, ಹೊಲಿಗೆ ಮಿಷನ್ನು, ಗ್ರೈಂಡರು. ನಾನು ತೆಂಗಿನಕಾಯಿ ತುರಿಯಲು ಒಳಗೆ ಹೋದೆ.

ಒಂಬತ್ತೂವರೆಗೆ ಹೊರಗೆ ಬಂದು ನೋಡಿದರೆ ದೀಪ ಕೆಂಪು.

ಡಬ್ಬಿ ಆರಿಸಿ ಹಾಕಿದೆ. ಕೆಂಪು. ಇನ್ನೊಮ್ಮೆ ಆರಿಸಿ, ನೂರರವರೆಗೆ ಎಣಿಸಿ ಹಾಕಿದೆ. ಕೆಂಪು. ಗದ್ದೆಯ ಅಂಚಿಗೆ ಓಡಿ ಲೈನಿನವರಿಗೆ ಫೋನ್ ಮಾಡಿದೆ.

"ನಮ್ಮನಿಯಗೂ ಇವತ್ತ್ ಹೊಸ್ತ್ ಮಾರಾಯ್ರೆ, ಊಟ ಆಯ್ಕಂಡ್ ಬತ್ತೆ" ಎಂದರು ಅವರು. "ಅಷ್ಟ್ರೊಳ್ಗೆ ನೀವೇ ಒಂದ್ ಸಲ ಕಾಣಿ. ಮನಿಯೊಳ್ಗೆ ವೈರ್ ಎಲ್ಲಾದ್ರೂ ಮಡ್ಚಿ ಹೋಯ್ತಾ?"

"ಒಳ್ಗೆ ಯಾರೂ ಮುಟ್ಟುದಿಲ್ಲ" ಎಂದೆ. ನನ್ನ ದನಿಯಲ್ಲಿದ್ದ ಗರ್ವ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. "ಹೊರ್ಗೇ ಆದದ್ದ್. ನಂಗ್ ಗೊತ್ತಿತ್ತ್."

ಆಮೇಲೆ ಟೀಚರಿಗೆ ಮಾಡಿದೆ. "ಹತ್ತೂವರೆವರೆಗೆ ನಾನು ಕೂತಿರ್ತೇನೆ. ಅಷ್ಟರೊಳಗೆ ಬಂದರೆ ಹಾಜರಿ ಹಾಕಬಹುದು. ಅದಕ್ಕಿಂತ ಹೆಚ್ಚು ಆಗುವುದಿಲ್ಲ" ಎಂದರು.

ಗೋಡೆಯ ತೂತಿನಿಂದ ಶುರುಮಾಡಿ ಹೊರಗಿನ ವೈರನ್ನೇ ಹಿಡಿದು ನಡೆದೆ. ಹಟ್ಟಿಯ ಮಾಡು, ನೇರಳೆ ಮರ, ಬೇಲಿ. ಬೇಲಿಯಾಚೆ ಅಕ್ಕನ ತೋಟದ ಒಂದು ತೆಂಗಿನ ಮಡಲು ಒಣಗಿ ಬಿದ್ದು ವೈರಿನ ಮೇಲೆ ಒರಗಿತ್ತು. ಸಿಕ್ಕಿತು ಎಂದುಕೊಂಡೆ. ಅಕ್ಕ ಹೊಸ ಸೀರೆ ಉಟ್ಟು ತನ್ನ ಬಾವಿಗೆ ಕದಿರು ಕಟ್ಟುತ್ತಿದ್ದಳು. ಹಬ್ಬದ ದಿನ ಎಂದೂ ನೋಡದೆ ಬಾಯಿಗೆ ಬಂದದ್ದು ಹೇಳಿದೆ. ನಿನಗೆ ನೆಟ್ ಬೇಡ ಎಂದರೆ ಬೇಡ, ಇನ್ನೊಬ್ಬರ ಲೈನಿನ ಮೇಲೆ ಮಡಲು ಬೀಳಿಸಿಕೊಂಡು ಕೂತಿದ್ದೀಯಲ್ಲ, ಅಪ್ಪಯ್ಯನ ಮಾತು ಹೋದರೆ ನೀನು ತಂದುಕೊಡುತ್ತೀಯಾ ಎಂದೆಲ್ಲ. ಅಕ್ಕ ಸೀರೆ ಎತ್ತಿಕಟ್ಟಿ ಬಂದು ಮಡಲನ್ನು ಎಳೆದು ಹಾಕಿದಳು. ನಾನು ಓಡಿಬಂದು ನೋಡಿದೆ. ಕೆಂಪು. ಗಡಿಯಾರದಲ್ಲಿ ಹತ್ತು ದಾಟಿ ಐದು.

ಪಂಚಾಯತ್ತಿನವರೆಗೆ ಹೋಗಲು ಹೊತ್ತಿರಲಿಲ್ಲ, ಲೈನು ಇದ್ದ ಮುಂದಿನ ಮನೆ ತೋಡಿನ ಆಚೆ ಇತ್ತು. ನೀರು ಹರಿಯುವ ಆ ತೋಡಿಗೆ ಇದ್ದದ್ದು ಒಂದೇ ಹಲಗೆಯ ಸೇತುವೆ, ಕಾಲುಸಂಕ, ಗಾಲಿಕುರ್ಚಿ ಹೋಗುವುದಿಲ್ಲ. ಹೊತ್ತುಕೊಂಡು ಹೋಗೋಣ ಎಂದೆ ಮಾವನಿಗೆ. ಮಾವ ಅಪ್ಪಯ್ಯನನ್ನು ನೋಡಿದರು, ಸಂಕದ ಕಡೆ ನೋಡಿದರು, ಆಗದು ಎಂದು ಕೈಯಾಡಿಸಿದರು.

ಅಷ್ಟು ಹೊತ್ತೂ ಅಪ್ಪಯ್ಯ ಕುರ್ಚಿಯಲ್ಲಿ ಕೂತು ಗದ್ದಲ ಮಾಡುತ್ತಲೇ ಇದ್ದರು. "ಆ! ಆ!" ಎಂದು ಎಡಗೈ ಚಾಚಿ ಚಾಚಿ ಬೀಸುತ್ತಿದ್ದರು. ಅಮ್ಮ ನೀರು ತಂದಳು, ತಳ್ಳಿದರು. ಅವಲಕ್ಕಿ ತಂದಳು, ಅದನ್ನೂ ತಳ್ಳಿದರು. "ಹಶಿವಾಯಿತ್ತಾ? ಕಾಲ್ ಜೋಮ್ ಹಿಡ್ತಾ?" ಎಂದು ಅಮ್ಮ ಕಾಲು ತಿಕ್ಕಿದಳು. ಅವರ ಗದ್ದಲ ಇನ್ನೂ ಏರಿತು. ನನಗೆ ಆ ಸದ್ದು ತಲೆಯೊಳಗೆ ಅವಲಕ್ಕಿ ಕುಟ್ಟಿದ ಹಾಗೆ ಆಗುತ್ತಿತ್ತು. ಮೂರನೆಯ ಸಲ ಡಬ್ಬಿ ಆರಿಸುತ್ತಿದ್ದವಳು ತಿರುಗಿ ಕಿರುಚಿದೆ.

"ದಮ್ಮಯ್ಯ, ಒಂದ್ ಗಳ್ಗಿ ಸುಮ್ನಿರಿ ಅಪ್ಪಯ್ಯ!"

ಅವರು ಸುಮ್ಮನಾದರು. ಚಾಚಿದ್ದ ಕೈ ಹಾಗೇ ನಿಂತಿತು. ಏಳು ತಿಂಗಳಿಂದ ಈ ಮನುಷ್ಯನ ಬಾಯಿಂದ ಒಂದು ಮಾತು ಬರಲಿ ಎಂದು ಕಾಯುತ್ತಿದ್ದವಳು ನಾನು. ಸುಮ್ಮನಿರಿ ಎಂದವಳೂ ನಾನೇ. ಅಮ್ಮ ನನ್ನನ್ನು ನೋಡಿದ ನೋಟ ಬೇಡವೇ ಬೇಡ. ಅಪ್ಪಯ್ಯನ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟೆ.

ಕೂತದ್ದರಿಂದ ಕಂಡಿತು. ಡಬ್ಬಿ ಇಟ್ಟ ಹಲಗೆಯ ಅಡಿಯಲ್ಲಿ, ನಿಂತವರ ಕಣ್ಣಿಗೆ ಬೀಳದ ಜಾಗದಲ್ಲಿ, ಒಂದು ಕದಿರಿನ ಕಟ್ಟು ಇತ್ತು. ಹಳದಿ ವೈರನ್ನು ಮಡಚಿ ಎರಡು ಸುತ್ತು ಮಾಡಿ, ಅದರ ಮೇಲೆ ಬಾಳೆನಾರನ್ನು ಬಿಗಿದು ಗಂಟು ಹಾಕಲಾಗಿತ್ತು. ನಮ್ಮ ಮನೆಯಲ್ಲಿ ಅಷ್ಟು ಗಟ್ಟಿ ಗಂಟು ಹಾಕುವವಳು ಅಮ್ಮ ಒಬ್ಬಳೇ. ಅಪ್ಪಯ್ಯನ ಕೈ ಇನ್ನೂ ಅತ್ತಲೇ ಚಾಚಿಕೊಂಡಿತ್ತು. ಕುರ್ಚಿಯಲ್ಲಿ ಕೂತವರಿಗೆ ಅದು ಬೆಳಿಗ್ಗೆಯಿಂದ ನೆಟ್ಟಗೆ ಕಾಣುತ್ತಿತ್ತು.

"ಅಮ್ಮ, ಇದೆಂತ ಮಾಡಿದ್ದ್?"

"ಕದ್ರ್ ಕಟ್ದೆ" ಎಂದಳು ಅಮ್ಮ. "ಡಬ್ಬಿ ಮುಟ್ಲಿಲ್ಲ ನಾನ್. ನೀ ಮುಟ್ಟುಕಾಗ ಅಂದಿದ್ದೆ ಅಂದೇಳಿ ಅಡಿಯಗೆ ಕಟ್ದೆ."

ನಾನು ಕೈ ಹಾಕಲು ಹೋದೆ. ಅಮ್ಮ ನನ್ನ ಮಣಿಕಟ್ಟು ಹಿಡಿದಳು. "ಕಟ್ಟಿದ್ ಕದ್ರ್ ಬಿಚ್ಚುಕಾಗ. ಮುಂದಿನ್ ಹೊಸ್ತ್ ತನ್ಕ ಇರ್ಕ್ ಅದ್."

"ಅದ್ರಿಂದ್ಲೇ ಕೆಂಪಾದದ್ದಮ್ಮ! ಹತ್ತೂಕಾಲಾಯ್ತ್!"

"ಪಂಪಿಗೂ ಕಟ್ಟಿದೆ, ನೀರ್ ಬತ್ತಿಲ್ಯಾ? ಬೈಕಿಗೂ ಕಟ್ಟಿದೆ. ಕದ್ರ್ ಕಟ್ಟಿರೆ ಹಾಳಾತ್ತ್ ಅಂಬುದ್ ನಾ ಎಲ್ಲೂ ಕೇಂಡಿಲ್ಲ." ಅಮ್ಮನ ಕಣ್ಣಲ್ಲಿ ನೀರು ಬಂದಿತ್ತು. "ಈ ಗಾಲಿ ಕುರ್ಚಿಗ್ ಕಟ್ಲಿಲ್ಲ ನಾನ್. ಅದ್ ವಾಪಸ್ ಕೊಡೂದಲ್ದಾ. ಇದ್ ಮಾತ್ ತಂದ್ ಕೊಡೂದ್. ಇದ್ ಮನಿಯಗೇ ಇರ್ಕಲೆ ಹೆಣೆ. ಇವತ್ತ್ ಬಿಚ್ಚಿರೆ, ಇವ್ರ ಮಾತಿಗೆಂತಾದ್ರೂ ಆದ್ರೆ?"

ನನ್ನ ಹಾಗೆಯೇ ಅವಳೂ ಹೆದರಿದ್ದಳು. ನಾನು ದೀಪ ನೋಡಿ ಹೆದರುತ್ತಿದ್ದೆ, ಅವಳು ಕದಿರು ಕಟ್ಟಿ ಹೆದರಿಕೆ ಕಳೆಯುತ್ತಿದ್ದಳು. ಅವಳು ನನ್ನ ಕೈ ಬಿಡಲಿಲ್ಲ, ನಾನೂ ಎಳೆಯುವುದನ್ನು ಬಿಡಲಿಲ್ಲ. ಗಡಿಯಾರ ಮಾತ್ರ ನಡೆಯುತ್ತಿತ್ತು.

"ಬಿಚ್ಚ್!"

ಮೊದಲು ಮಾವ ಹೇಳಿದ್ದು ಎಂದುಕೊಂಡೆ. ಮಾವ ಬಾಗಿಲಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದರು. ಅಮ್ಮನ ಕೈ ನನ್ನ ಮಣಿಕಟ್ಟಿನ ಮೇಲೆ ಸಡಿಲಾಯಿತು. ಅಪ್ಪಯ್ಯನ ಮುಖ ಕೆಂಪೇರಿತ್ತು, ಕುತ್ತಿಗೆಯ ನರ ಉಬ್ಬಿತ್ತು, ತುಟಿಯ ಒಂದು ಬದಿ ನಡುಗುತ್ತಿತ್ತು. ಇನ್ನೊಮ್ಮೆ ಉಸಿರು ತೆಗೆದುಕೊಂಡು, ಹಿಂದೆ ಹೋಟೆಲಿನಲ್ಲಿ ಕೂಗುತ್ತಿದ್ದ ದನಿಯಲ್ಲೇ ಹೇಳಿದರು.

"ಬಿಚ್ಚ್!"

ಬಿಚ್ಚಿದ್ದು ಅಮ್ಮನೇ. ಉಗುರಿನಿಂದ ಗಂಟು ಬಿಡಿಸಿ, ಕದಿರನ್ನು ಕಣ್ಣಿಗೊತ್ತಿಕೊಂಡು, ಹಲಗೆಯ ಮೊಳೆಗೆ ಕಟ್ಟಿದಳು. ವೈರು ಮೆಲ್ಲಗೆ ತನ್ನ ಹದಕ್ಕೆ ಬಂತು. ನಾವು ನಾಲ್ಕು ಜನ ಉಸಿರು ಹಿಡಿದು ಡಬ್ಬಿಯನ್ನೇ ನೋಡಿದೆವು. ಕೆಂಪು ಆರಿತು. ಒಂದು ಕ್ಷಣ ಏನೂ ಇರಲಿಲ್ಲ. ಆಮೇಲೆ ಹಸಿರು ಬಂತು.

ಹತ್ತು ಇಪ್ಪತ್ತನಾಲ್ಕಕ್ಕೆ ಟೀಚರ್ ಮುಖ ಕಂಡಿತು. ನಡೆದದ್ದನ್ನು ನಾನು ಅತ್ತು ಅತ್ತು ಹೇಳಿದೆ. ಅವರು ನನಗೆ ಪಕ್ಕಕ್ಕೆ ಸರಿಯಲು ಹೇಳಿ ಅಪ್ಪಯ್ಯನನ್ನು ಎದುರಿಗೆ ಕರೆದರು. "ಈಗ ನನಗೊಮ್ಮೆ ಹೇಳಿ." ಅಪ್ಪಯ್ಯ ಹೇಳಿದರು. ಅವರು ಇನ್ನೊಮ್ಮೆ ಕೇಳಿದರು, ಅಪ್ಪಯ್ಯ ಇನ್ನೊಮ್ಮೆ ಹೇಳಿದರು. ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು. "ಈಗ 'ಉಣ್ಣಿ' ಹೇಳೋಣವಾ?" ಎಂದು ತುಟಿ ದುಂಡಗೆ ಮಾಡಿ ತೋರಿಸಿದರು. ಅಪ್ಪಯ್ಯ ತುಟಿ ದುಂಡಗೆ ಮಾಡಿದರು, ಕಣ್ಣು ಮುಚ್ಚಿದರು, "ಬಿಚ್ಚ್" ಎಂದರು. ಐದು ಸಲ ಪ್ರಯತ್ನಿಸಿದರೂ ಅದೇ ಬಂತು. ಮೊದಲು ಬಂದ ಮಾತು ಕೆಲವು ದಿನ ಉಳಿದ ಮಾತುಗಳ ಜಾಗದಲ್ಲೂ ತಾನೇ ಬಂದು ಕೂತುಕೊಳ್ಳುತ್ತದೆ, ಹೆದರಬೇಡಿ, ಹೆಸರಿನ ಎದುರು ಹಾಜರಿ ಹಾಕಿದ್ದೇನೆ ಎಂದರು ಟೀಚರ್. ಹೆದರಬೇಡಿ ಎಂದರೆ ನಾನು ಕೇಳುವವಳೇ? ಊಟಕ್ಕೆ ಏನಾಗುತ್ತದೋ ಎಂದು ಆಗಲೇ ಯೋಚಿಸತೊಡಗಿದ್ದೆ.

ಅಕ್ಕನ ಮನೆಗೆ ಹೋಗಿ ತಪ್ಪಾಯಿತು ಎಂದೆ. "ಮಡ್ಲ್ ತೆಗಿಯೂಕೇ ಇತ್ತ್, ನಿನ್ ದೆಸೆಯಿಂದ ತೆಗ್ದೆ" ಎಂದಳು.

ಮಧ್ಯಾಹ್ನ ಎಲೆ ಹಾಕಿದೆವು. ಹೊಸ ಅಕ್ಕಿಯ ಅನ್ನ, ಪಾಯಸ, ಪಲ್ಯ, ಎಲ್ಲ ಬಡಿಸಿ ಆಯಿತು. ಅಪ್ಪಯ್ಯನ ಕುರ್ಚಿಯನ್ನು ಎಲೆಗಳ ಎದುರಿಗೆ ತಂದು ನಿಲ್ಲಿಸಿದೆವು. ಮಾವ ಕೇಳಲಿ ಎಂದು ಅಮ್ಮ ಕಾಯುತ್ತಿದ್ದಳು, ಅಮ್ಮ ಕೇಳಲಿ ಎಂದು ಮಾವ ಕಾಯುತ್ತಿದ್ದರು. ಕೇಳದೆ ಉಂಡುಬಿಡೋಣ, ಅವರಿಗೆ ಕಷ್ಟ ಕೊಡುವುದು ಬೇಡ ಎಂದು ನನ್ನ ಬಾಯಿಗೆ ಬಂದಿತ್ತು. ಕೊನೆಗೆ ಅಮ್ಮ ಅನ್ನದ ಮೇಲೆ ಕೈಯಿಟ್ಟು, ಅವರ ಮುಖ ನೋಡಿ ಹೇಳಿದಳು.

"ಹೊಸ್ತ್ ಉಣ್ತೆ."

ಅಪ್ಪಯ್ಯ ತುಟಿ ದುಂಡಗೆ ಮಾಡಿದರು. "ಉ" ಎಂದರು. ಮಾತು ಅಲ್ಲಿಗೇ ನಿಂತಿತು. ಹಣೆಯಲ್ಲಿ ಬೆವರು ಮೂಡಿತು. ನಾನು ಎಲೆಯ ಅಂಚನ್ನು ಹಿಡಿದುಕೊಂಡಿದ್ದೆ, ಅದು ಹರಿಯಿತು.

"ಬಿಚ್ಚ್" ಎಂದರು ಅಪ್ಪಯ್ಯ.

ಅಮ್ಮ ತಲೆ ಬಾಗಿಸಿ, "ಹ್ಞಾ, ಅಪ್ಪಣೆ ಆಯ್ತ್" ಎಂದು ತುತ್ತು ಬಾಯಿಗಿಟ್ಟಳು. ಪ್ರತಿ ವರ್ಷ ಹೀಗೇ ಆಗುತ್ತಿತ್ತೇನೋ ಎಂಬಂತೆ. ಮಾವ ಕೇಳಿದರು, "ಬಿಚ್ಚ್" ಎಂದಾಯಿತು, ಮಾವ ಉಂಡರು. ಅತ್ತೆ ಕೇಳಿದರು, ಅವರಿಗೂ ಆಯಿತು. ಒಂದೊಂದು ಸಲಕ್ಕೂ ದನಿ ದೊಡ್ಡದಾಗುತ್ತಾ ಹೋಯಿತು. ಅಕ್ಕನ ಮನೆಗೆ ಕೇಳಿಸಿರಲೇಬೇಕು.

ಕೊನೆಯ ಸರದಿ ನನ್ನದು. "ಹೊಸ್ತ್ ಉಣ್ತೆ ಅಪ್ಪಯ್ಯ" ಎಂದೆ. ಅವರು ಬಾಯಿ ತೆರೆಯಲಿಲ್ಲ. ನನ್ನನ್ನೇ ನೋಡಿದರು. ಆಮೇಲೆ ಎಡಗೈಯನ್ನು ನಿಧಾನವಾಗಿ ಎತ್ತಿ, ತೋರುಬೆರಳನ್ನು ತಮ್ಮ ತುಟಿಯ ಮೇಲೆ ಅಡ್ಡ ಇಟ್ಟುಕೊಂಡರು. ಸುಮ್ಮನಿರಬೇಕಾ ಎಂದು ಕೇಳುವ ಹಾಗೆ ಹುಬ್ಬು ಏರಿಸಿದರು.

ಮಾವ ಜೋರಾಗಿ ನಕ್ಕರು. ಅಮ್ಮನೂ ನಕ್ಕಳು. ನಾನು ಅಳುತ್ತಾ ತಲೆಯಾಡಿಸಿದೆ, ಬೇಡ, ಬೇಡ ಎಂದು. ಅಪ್ಪಯ್ಯ ನನ್ನನ್ನು ಇನ್ನೂ ಸ್ವಲ್ಪ ಹೊತ್ತು ಕಾಯಿಸಿದರು. ಆಮೇಲೆ ಬೆರಳು ತೆಗೆದು, "ಬಿಚ್ಚ್" ಎಂದರು. ನಾನು ಉಂಡೆ.